ಇಂದಿನ ಧಮ್ಮ ಚಿಂತನೆ: ದುಃಖದ ಮನೆಯವರು ನಗಬಹುದೇ?



ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಬಿಡುವಾದಾಗ ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ.

ಹೋದ ವಾರ ಗುಂಪಿನಲ್ಲಿ ನಲವತ್ತು ಸೆಕೆಂಡಿನ ಒಂದು ವಿಡಿಯೊ ಹರಿದಾಡಿತು. ನಮ್ಮ ಭಾಗದ ಒಬ್ಬ ತಾಯಿ, ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು, ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದಾರೆ. ಮಗಳು ಅಲ್ಲಿ ನರ್ಸ್. ವಿಡಿಯೊದಲ್ಲಿ ಸಮುದ್ರದ ದಂಡೆ, ನಮ್ಮ ಜಾತ್ರೆಯಲ್ಲಿ ಇರುವಂಥದೇ ತಿರುಗುವ ಚಕ್ರ, ಬಣ್ಣ ಬಳಿದ ಮರದ ಕುದುರೆಗಳು. ಒಂದು ಕುದುರೆಯ ಮೇಲೆ ಈ ತಾಯಿ, ಸೀರೆಯ ಮೇಲೊಂದು ಸ್ವೆಟರು, ಕಿವಿ ಮುಚ್ಚಿ ಕಟ್ಟಿದ ಮಫ್ಲರು. ಚಕ್ರ ತಿರುಗುತ್ತಿದೆ, ಅವರು ಬಾಯಿ ತುಂಬ ನಗುತ್ತಿದ್ದಾರೆ. ಹಿಂದಿನಿಂದ ಮಗಳು "ಯವ್ವಾ, ಗಟ್ಟಿ ಹಿಡ್ಕೊ" ಎಂದು ಕೂಗುವುದು ಕೇಳಿಸುತ್ತದೆ. ಅಷ್ಟೇ.

ಇವರ ಯಜಮಾನರು ತೀರಿಕೊಂಡು ಎಂಟು ತಿಂಗಳು.

ವಿಡಿಯೊ ನೋಡಿದವರಲ್ಲಿ ಹೆಚ್ಚಿನವರು ಹೂವಿನ ಚಿತ್ರ ಹಾಕಿ ಸುಮ್ಮನಾದರು. ಆದರೆ ಮೂರು ಮಾತು ಬಂದವು. "ಗಂಡ ಹೋಗಿ ವರ್ಷ ತುಂಬಿಲ್ಲ, ಕುದುರಿ ಮ್ಯಾಲೆ ಕುಂತು ನಗಲಾಕತ್ತಾಳ" ಅನ್ನುವುದು ಮೊದಲನೆಯದು. "ಇಲ್ಲಿ ನಮ್ಮ ಮಂದಿ ಗುಳೆ ಹೋಗಲಾಕತ್ತಾರ, ಅಲ್ಲಿ ಇವರಿಗಿ ಮೋಜು" ಅನ್ನುವುದು ಎರಡನೆಯದು. ಮೂರನೆಯದು ಓದಿಕೊಂಡ ಹುಡುಗನೊಬ್ಬನ ಪ್ರಶ್ನೆ: ಎಲ್ಲವೂ ದುಃಖ ಎಂದ ಬುದ್ಧನ ದಾರಿ ಹಿಡಿದವರಿಗೆ ಇದು ಒಪ್ಪುತ್ತದೆಯೇ? ಮಾತುಗಳು ಹೇಗೋ ಆ ತಾಯಿಯ ಕಿವಿಗೂ ಬಿದ್ದವು. ಅವರು ಬಳಗಕ್ಕೆ ಧ್ವನಿ ಸಂದೇಶ ಕಳಿಸಿ ಒಂದೇ ಮಾತು ಕೇಳಿದರು: "ನಾ ತಪ್ಪು ಮಾಡೀನೇನ್ರಿ?" ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಬೇಡ ಅಂದಿದ್ದಾರೆ.

ಮೊದಲನೆಯ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಗಂಡ ಸತ್ತ ಹೆಣ್ಣು ಇಷ್ಟು ದಿನ ಮೂಲೆಯಲ್ಲಿ ಕೂಡಬೇಕು, ಇಂಥ ಬಣ್ಣ ಉಡಬಾರದು, ಶುಭದ ಕಡೆ ಮುಖ ಹಾಕಬಾರದು ಎನ್ನುವ ಲೆಕ್ಕ ಯಾವ ಪುಸ್ತಕದಿಂದ ಬಂತು ಎಂದು ನಮಗೆಲ್ಲ ಗೊತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆ ಬೋಧಿಸಿದಾಗ ಆ ಪುಸ್ತಕದ ಮನೆಯಿಂದ ನಾವು ಹೊರಗೆ ಬಂದೆವು. ಮನೆ ಬಿಟ್ಟು ಬಂದರೂ ಅದರ ಹೊಸ್ತಿಲು ಕೆಲವರ ತಲೆಯಲ್ಲಿ ಇನ್ನೂ ಉಳಿದಿದೆ. ಹೆಂಡತಿ ತೀರಿದ ಗಂಡಸು ಆರು ತಿಂಗಳಲ್ಲಿ ಮತ್ತೆ ಮದುವೆಯಾದರೆ ಊರು ಬಂದು ಉಂಡು ಹೋಗುತ್ತದೆ. ಆಗ ಯಾರೂ ತಿಂಗಳು ಎಣಿಸುವುದಿಲ್ಲ.

ಮೂರನೆಯ ಪ್ರಶ್ನೆ ಕೇಳಿದ ಹುಡುಗನಿಗೆ ಧನ್ಯವಾದ, ಏಕೆಂದರೆ ಅದು ನಮ್ಮನ್ನು ಮತ್ತೆ ಪುಸ್ತಕ ತೆರೆಯುವಂತೆ ಮಾಡಿತು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಪೀಠಿಕೆಯಲ್ಲಿ ಬಾಬಾಸಾಹೇಬರು ತಮ್ಮನ್ನು ಕಾಡಿದ ನಾಲ್ಕು ಸಮಸ್ಯೆಗಳನ್ನು ಹೇಳುತ್ತಾರೆ. ಎರಡನೆಯದೇ ಇದು. ಹುಟ್ಟು ದುಃಖ, ಮುಪ್ಪು ದುಃಖ, ಸಾವು ದುಃಖ ಎಂದಷ್ಟೇ ಹೇಳಿ ನಿಲ್ಲಿಸಿದರೆ ಧಮ್ಮ ನಿರಾಶೆಯ ಬೋಧನೆಯಾಗುತ್ತದೆ, ಮನುಷ್ಯನಿಗೆ ಭರವಸೆಯನ್ನೇ ಇಲ್ಲದಂತೆ ಮಾಡುತ್ತದೆ, ಇದು ನಿಜಕ್ಕೂ ಬುದ್ಧನ ಮೂಲ ಬೋಧನೆಯೋ ಅಥವಾ ನಂತರದವರು ಸೇರಿಸಿದ್ದೋ ಎಂದು ಅವರು ಧೈರ್ಯವಾಗಿ ಕೇಳಿದರು. ಅವರ ಪ್ರಕಾರ ದುಃಖ ಇದೆ ಎಂದು ಒಪ್ಪುವುದು ಅದನ್ನು ಇದೇ ಲೋಕದಲ್ಲಿ ತೆಗೆಯುವುದಕ್ಕಾಗಿ. ಅದೇ ಗ್ರಂಥದ ಕೊನೆಯ ಭಾಗಗಳಲ್ಲಿ ಬುದ್ಧನನ್ನು ದುಃಖ ವಾಸಿಮಾಡುವ ಮಹಾವೈದ್ಯ ಎಂದು ಕರೆದು ವಿಶಾಖೆ ಮತ್ತು ಕಿಸಾಗೋತಮಿಯ ಕಥೆಗಳನ್ನು ಇಟ್ಟಿದ್ದಾರೆ. ಬುದ್ಧ ಚೆಲುವನ್ನು ಹೇಗೆ ಪ್ರೀತಿಸುತ್ತಿದ್ದ ಎಂಬುದಕ್ಕೂ ಬೇರೆಯದೇ ಒಂದು ಭಾಗವಿದೆ. ಅದನ್ನು ನಮ್ಮ ಸಭೆಗಳಲ್ಲಿ ಯಾರೂ ಓದುವುದಿಲ್ಲ, ಏಕೋ ಏನೋ.

ಕಿಸಾಗೋತಮಿಯ ಕಥೆಯಲ್ಲಿ ಸಾವಿಲ್ಲದ ಮನೆಯ ಸಾಸಿವೆ ನಮಗೆಲ್ಲ ನೆನಪಿರುತ್ತದೆ. ಆದರೆ ಬುದ್ಧ ಆಕೆಗೆ ಹೇಳಿದ ಕೆಲಸ ಯಾವುದು ನೋಡಿ. ಒಂದು ಕಡೆ ಕೂತು ಅಳು ಎನ್ನಲಿಲ್ಲ, ಅಳಬೇಡ ಎಂದೂ ಅನ್ನಲಿಲ್ಲ. ಎದ್ದು ಹೋಗು, ಮನೆ ಮನೆಯ ಬಾಗಿಲಿಗೆ ಹೋಗಿ ಜನರನ್ನು ಮಾತಾಡಿಸು ಎಂದ. ಆಕೆಯ ಮನಸ್ಸು ವಾಸಿಯಾದದ್ದು ಬೇರೆಯವರ ಹೊಸ್ತಿಲುಗಳಲ್ಲಿ.

ಇನ್ನೊಂದು ಪ್ರಸಂಗ ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿದೆ. ಸಿದ್ಧಾರ್ಥ ದೇಹ ದಂಡಿಸಿ ದಂಡಿಸಿ ಎಲುಬಿನ ಗೂಡಾಗಿದ್ದಾನೆ. ಆಗ ಅವನಿಗೆ ಹಳೆಯದೊಂದು ದಿನ ನೆನಪಾಗುತ್ತದೆ. ಅಪ್ಪ ಶುದ್ಧೋದನ ಹೊಲದ ಕೆಲಸದಲ್ಲಿದ್ದಾಗ ತಾನು ನೇರಳೆ ಮರದ ತಂಪು ನೆರಳಿನಲ್ಲಿ ಕೂತಿದ್ದ ದಿನ, ಆಗ ಮನಸ್ಸಿನಲ್ಲಿ ತಾನಾಗಿಯೇ ಎದ್ದ ಸುಖ. ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ: ಯಾರಿಗೂ ಕೆಡುಕು ಮಾಡದ, ಆಸೆಬುರುಕತನವಿಲ್ಲದ ಆ ಸುಖಕ್ಕೆ ನಾನೇಕೆ ಹೆದರುತ್ತಿದ್ದೇನೆ? ಹೆದರಬೇಕಿಲ್ಲ ಎಂದು ತೀರ್ಮಾನಿಸಿ ಊಟ ಮಾಡುತ್ತಾನೆ. ಬೋಧಿಯ ದಾರಿ ಅಲ್ಲಿಂದ ತಿರುಗಿತು. ಅಪ್ಪನ ಜೊತೆ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನದ ನೆನಪು ಅಷ್ಟು ಕೆಲಸ ಮಾಡಿತು.

ಹಾಗಾದರೆ ಮೋಜಿನ ಬಗ್ಗೆ ಧಮ್ಮದಲ್ಲಿ ಎಚ್ಚರಿಕೆಯೇ ಇಲ್ಲವೇ? ಇದೆ. ಸಿಗಾಲೋವಾದ ಸುತ್ತದಲ್ಲಿ ಮನೆ ಹಾಳಾಗುವ ಆರು ದಾರಿಗಳಲ್ಲಿ ಜಾತ್ರೆ, ಕೂಟಗಳ ಹಿಂದೆ ಬೀಳುವುದೂ ಒಂದು. ಅಲ್ಲಿ ವಿವರಿಸಿರುವ ರೀತಿ ಗಮನಿಸಿ. ಎಲ್ಲಿ ಕುಣಿತ ಇದೆ, ಎಲ್ಲಿ ಹಾಡು ಇದೆ ಎಂದು ಹುಡುಕಿಕೊಂಡು ಅಲೆಯುತ್ತಲೇ ಇರುವವನ ಚಿತ್ರ ಅದು. ಎಂಟು ತಿಂಗಳು ಅತ್ತು, ಒಂದು ಸಂಜೆ ಮರದ ಕುದುರೆ ಏರಿದವಳ ಚಿತ್ರ ಅದಲ್ಲ. ಕುಣಿತ, ಹಾಡು, ಆಟ ನೋಡುವುದನ್ನು ಬಿಡಬೇಕೆಂಬ ಶೀಲ ಬರುವುದು ಉಪೋಸಥದ ದಿನ ಹಿಡಿಯುವ ಎಂಟು ಶೀಲಗಳಲ್ಲಿ. ನಾವು ದಿನವೂ ಹೇಳುವ ಪಂಚಶೀಲದಲ್ಲಿ ಅದು ಇಲ್ಲ. ಗೃಹಸ್ಥರಿಗೆ ಬುದ್ಧ ನಗುವನ್ನು ನಿಷೇಧಿಸಲಿಲ್ಲ.

ಸಮ್ರಾಟ ಅಶೋಕನೂ ಇದೇ ಪ್ರಶ್ನೆಗೆ ಉತ್ತರ ಹುಡುಕಿದವನು. ನಮ್ಮ ಪಕ್ಕದ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಚಾವಣಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅವನ ಅಕ್ಷರಗಳು ಕಂಡವಲ್ಲ, ಅವು 12 ಮತ್ತು 14ನೆಯ ಶಿಲಾಶಾಸನ ಹಾಗೂ ಎರಡು ಪ್ರತ್ಯೇಕ ಶಾಸನಗಳು. ನಾನು ಹೇಳುತ್ತಿರುವುದು ಗಿರ್ನಾರ್, ಎರ್ರಗುಡಿ ಮೊದಲಾದ ಕಡೆ ಇರುವ 8ನೆಯ ಶಾಸನ. ಹಿಂದಿನ ರಾಜರು ವಿಹಾರಯಾತ್ರೆ ಹೋಗುತ್ತಿದ್ದರು, ಬೇಟೆಯಾಡುತ್ತಿದ್ದರು ಎಂದು ಅಶೋಕ ಅದರಲ್ಲಿ ಬರೆಸಿದ್ದಾನೆ. ತಾನು ಪಟ್ಟಕ್ಕೆ ಬಂದ ಹತ್ತನೆಯ ವರ್ಷ ಬೋಧಿಯ ಸ್ಥಳಕ್ಕೆ ಹೋಗಿ ಬಂದ ಮೇಲೆ ಧಮ್ಮಯಾತ್ರೆ ಶುರುಮಾಡಿದ. ಶ್ರಮಣರನ್ನು ಕಾಣುವುದು, ಹಿರಿಯರನ್ನು ಕಾಣುವುದು, ಹಳ್ಳಿಯ ಜನರನ್ನು ಮಾತಾಡಿಸುವುದು ಅದರ ಕೆಲಸ. ಆಮೇಲೆ ಬರುವ ಮಾತು ಮುಖ್ಯ: ಇದರಿಂದ ತನಗೆ ಹೆಚ್ಚಿನ ಆನಂದ ಸಿಗುತ್ತದೆ ಎನ್ನುತ್ತಾನೆ. ಪ್ರವಾಸದ ಖುಷಿಯನ್ನು ಅವನು ಬಿಡಲಿಲ್ಲ. ಪ್ರಾಣಿ ಕೊಲ್ಲುವ ಖುಷಿ ಬಿಟ್ಟು ಮನುಷ್ಯರನ್ನು ಕಾಣುವ ಖುಷಿ ಹಿಡಿದ. ಮಗಳ ಮನೆಗೆ, ಹುಟ್ಟಿದ ಕೂಸಿನ ಮುಖ ನೋಡಲು ಸಮುದ್ರ ದಾಟಿ ಹೋದದ್ದು ಯಾವ ಯಾತ್ರೆ ಎಂದು ನೀವೇ ಹೇಳಿ.

ಎರಡನೆಯ ಮಾತು ಮಾತ್ರ ನಿಜಕ್ಕೂ ಕಷ್ಟದ್ದು. ನಾವೂ ಎರಡು ರಾತ್ರಿ ಅದನ್ನು ತಲೆಯಲ್ಲಿಟ್ಟುಕೊಂಡು ಮಲಗಿದೆವು. ನಮ್ಮ ಮೂರು ತಾಲೂಕಿನಲ್ಲಿ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆ! ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಗಂಡ, ಹೆಂಡತಿ, ಮಕ್ಕಳು ಹೊರಡುತ್ತಾರೆ. ನಮ್ಮವರಿಗೆ ಪರವೂರು ಎಂದರೆ ಇಷ್ಟು ಕಾಲ ಅದೇ ಆಗಿತ್ತು, ತಗಡಿನ ಶೆಡ್ಡು, ಸಿಮೆಂಟಿನ ಧೂಳು, ಮಗುವಿಗೆ ಮರಳಿನ ರಾಶಿಯೇ ತೊಟ್ಟಿಲು. ಈ ತಾಯಿಯೂ ಹುಡುಗಿಯಾಗಿದ್ದಾಗ ಅಪ್ಪ, ಅವ್ವನ ಜೊತೆ ಗುಳೆ ಹೋದವರೇ. ಅಂಥ ಮನೆಯಿಂದ ಒಬ್ಬರು ಪಾಸ್‌ಪೋರ್ಟು ಮಾಡಿಸಿ ವಿಮಾನ ಏರಿದರೆ ಉಳಿದವರ ಹೊಟ್ಟೆಯಲ್ಲಿ ಏನೋ ಆಗುವುದು ಸಹಜ. ಅದು ಬರೀ ಹೊಟ್ಟೆಕಿಚ್ಚು ಅಲ್ಲ, ಅದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ನಮ್ಮಲ್ಲಿ ಒಬ್ಬ ಮೇಲೆ ಬಂದಾಗ ಹಿಂದಿನವರನ್ನು ಮರೆಯಬಾರದು ಎಂದು ಬಾಬಾಸಾಹೇಬರು ಜೀವನವಿಡೀ ಎಚ್ಚರಿಸಿದರು.

ಆದರೆ ಆ ಎಚ್ಚರಿಕೆಯಿಂದ "ನಾವು ಗೆಲ್ಲುವವರೆಗೆ ನಗಬಾರದು" ಎಂಬ ಕಟ್ಟಳೆ ಹುಟ್ಟುತ್ತದೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಬಾಬಾಸಾಹೇಬರ ಜೀವನವೇ ನೋಡಿ. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದವರು. ಸಂವಿಧಾನದ ಕೆಲಸ, ಚಳವಳಿ, ಕಾಯಿಲೆ ಎಲ್ಲದರ ನಡುವೆ ವಯಸ್ಸಾದ ಮೇಲೆ ಪಿಟೀಲು ಕಲಿಯಲು ಕೂತವರು. ತೋಟ, ನಾಯಿ, ಪುಸ್ತಕ ಅವರಿಗೆ ಪ್ರೀತಿ. ಅವರನ್ನು ಬರೀ ನೀಲಿ ಕೋಟು, ಎತ್ತಿದ ಬೆರಳು ಮಾಡಿಟ್ಟವರು ನಾವು.

ಇಂಗ್ಲೆಂಡಿನ ಆ ತಾಯಿಗೆ ಅಲ್ಲಿ ಏನು ವಾಸಿಮಾಡಿತು ಎಂದು ಕೇಳಿದೆವು. ಸಮುದ್ರ ಎನ್ನುತ್ತಾರೆ, ಕೂಸು ಎನ್ನುತ್ತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದು ಬೇರೆ: "ಇಲ್ಲಿ ಪಾರ್ಕಿನಾಗ ಬಾಜೂಕ ಕುಂತ ಮುದುಕಿ ನನ್ನ ಕೂಡ ಕೈ ಸನ್ನಿಲೇ ಮಾತಾಡ್ತಾಳ. ನೀ ಯಾವ ಓಣ್ಯಾಕಿ ಅಂತ ಯಾರೂ ಕೇಳಂಗಿಲ್ಲ. ಗಂಡ ಇದ್ದಾನೋ ಇಲ್ಲೋ ಅಂತ ಕೊರಳು ನೋಡಂಗಿಲ್ಲ. ಅರವತ್ತು ವರ್ಷದ ಭಾರ ಇಳಿದಂಗ ಆತು."

ಇದನ್ನು ಕೇಳಿದಾಗ ನಮಗೆ 'ವೇಟಿಂಗ್ ಫಾರ್ ಎ ವೀಸಾ' ನೆನಪಾಯಿತು. 1913ರ ಜುಲೈನಲ್ಲಿ ನ್ಯೂಯಾರ್ಕಿಗೆ ಇಳಿದ ಯುವಕ ಭೀಮರಾವ್, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ನಂತರ ಲಂಡನ್ನಿನಲ್ಲೂ ಓದಿ 1917ರಲ್ಲಿ ಮರಳಿದರು. ಆ ವರ್ಷಗಳಲ್ಲಿ ತಾನು ಅಸ್ಪೃಶ್ಯ ಎಂಬ ಅರಿವೇ ಮನಸ್ಸಿನಿಂದ ಪೂರ್ತಿ ಅಳಿಸಿಹೋಗಿತ್ತು ಎಂದು ಅವರು ಅದರಲ್ಲಿ ಹೇಳಿಕೊಂಡಿದ್ದಾರೆ. 1930ರಲ್ಲಿ ಕೊಲಂಬಿಯಾದ ಹಳೆಯ ವಿದ್ಯಾರ್ಥಿಗಳ ಪತ್ರಿಕೆಗೆ ಬರೆಯುವಾಗ ತಮ್ಮ ಬದುಕಿನ ಅತ್ಯುತ್ತಮ ಗೆಳೆಯರೆಂದು ನೆನೆದದ್ದು ಅಲ್ಲಿಯ ಸಹಪಾಠಿಗಳನ್ನು, ಜಾನ್ ಡ್ಯೂಯಿ, ಸೆಲಿಗ್ಮನ್ ಅವರಂಥ ಗುರುಗಳನ್ನು. ಆ ಯುವಕ ಅಲ್ಲಿ ಪಡೆದದ್ದು ಡಿಗ್ರಿ ಮಾತ್ರವಲ್ಲ. ಬೆನ್ನ ಹಿಂದೆ ಯಾರೂ ನೋಡುತ್ತಿಲ್ಲ ಎಂಬ ನಿರಾಳ. ನಮ್ಮಲ್ಲಿ ಹುಟ್ಟಿದಾಗಿನಿಂದ ಆ ನೋಟದ ಕೆಳಗೆ ಬೆಳೆದವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ. ಅದು ಇಲ್ಲದ ಒಂದು ದಿನ ಸಿಕ್ಕಾಗ ಮಾತ್ರ ಎಷ್ಟು ಭಾರವಿತ್ತು ಎಂದು ತಿಳಿಯುತ್ತದೆ. ದಲಿತ ಮದುಮಗ ಕುದುರೆ ಏರಿದನೆಂದು ಕಲ್ಲು ಬಿದ್ದ ಸುದ್ದಿ ಈ ದೇಶದಲ್ಲಿ ಇನ್ನೂ ಬರುತ್ತಿರುವಾಗ, ನಮ್ಮ ಓಣಿಯ ಅಜ್ಜಿಯೊಬ್ಬಳು ಕುದುರೆ ಏರಿ ನಕ್ಕರೆ, ಅದು ಮರದ ಕುದುರೆಯೇ ಇರಲಿ, ಮೋಜು ಎಂಬ ಪದ ಅದಕ್ಕೆ ಚಿಕ್ಕದಾಗುತ್ತದೆ.

ಹಾಗಂತ ವಿದೇಶವನ್ನು ಸ್ವರ್ಗ ಮಾಡುವುದೂ ಬೇಡ. ಜಾತಿ ಸೂಟ್‌ಕೇಸಿನಲ್ಲಿ ಕೂತು ಹೋಗುತ್ತದೆ. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂದದ್ದು ಅದಕ್ಕೇ. ಇಂಗ್ಲೆಂಡಿನಲ್ಲಿ 2010ರ ಸಮಾನತಾ ಕಾಯ್ದೆಗೆ ಜಾತಿಯನ್ನು ಸೇರಿಸಬೇಕೆಂದು 2013ರಲ್ಲಿ ಸಂಸತ್ತು ಹೇಳಿತು, 2018ರಲ್ಲಿ ಸರ್ಕಾರ ಕೈಬಿಟ್ಟಿತು. ಭಾರತದಿಂದ ಮನೆಗೆಲಸಕ್ಕೆ ಕರೆದೊಯ್ದಿದ್ದ ಆದಿವಾಸಿ ಹೆಣ್ಣುಮಗಳೊಬ್ಬಳಿಗೆ 2015ರಲ್ಲಿ ಅಲ್ಲಿಯ ನ್ಯಾಯಮಂಡಳಿ 1.8 ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಕೊಡಿಸಿದ್ದೂ ಅದೇ ದೇಶದಲ್ಲಿ. ಇನ್ನೊಂದು ಮಾತು, ಮಕ್ಕಳಿಗೆ. ಬಾಣಂತನಕ್ಕೆ ಎಂದು ತಾಯಿಯನ್ನು ಕರೆಸಿ, ಆರು ತಿಂಗಳು ಅಡುಗೆಮನೆ ಮತ್ತು ತೊಟ್ಟಿಲಿನ ನಡುವೆ ಓಡಾಡಿಸಿ, ವೀಸಾ ಮುಗಿದಾಗ ವಿಮಾನ ಹತ್ತಿಸಿ ಕಳಿಸುವವರೂ ಇದ್ದಾರೆ. ಮಧ್ಯಾಹ್ನ ಮೂರೂವರೆ, ನಾಲ್ಕಕ್ಕೇ ಕತ್ತಲಾಗುವ ಚಳಿಗಾಲದಲ್ಲಿ, ಮಾತಾಡಲು ಒಬ್ಬರಿಲ್ಲದ ಮನೆಯಲ್ಲಿ ಗೋಡೆ ನೋಡುತ್ತಾ ಕೂತ ತಾಯಂದಿರ ಫೋನು ನಮಗೂ ಬಂದಿವೆ. ಈ ಮಗಳು ಕೂಸಿಗೆ ಎರಡು ತಿಂಗಳಾದ ಕೂಡಲೇ ಅವ್ವನನ್ನು ಸಮುದ್ರಕ್ಕೆ ಕರೆದುಕೊಂಡು ಹೋದಳಲ್ಲ, ಹೊಗಳಬೇಕಾದದ್ದು ಅದನ್ನು.

ಮರಳಿ ಬಂದ ಮೇಲೆ ಏನು? ಇದು ನಿಜವಾದ ಭಯ. ಬಾಬಾಸಾಹೇಬರು ಆ ಹಗುರ ಮನಸ್ಸು ಹೊತ್ತುಕೊಂಡೇ ಬರೋಡಾಕ್ಕೆ ನೌಕರಿಗೆ ಹೋದರು. ಇರಲು ಮನೆ ಸಿಗದೆ ಪಾರ್ಸಿಗಳ ವಸತಿಗೃಹ ಸೇರಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಹೊರಗೆ ಹಾಕಿತು. ಉದ್ಯಾನದ ಮರದ ಕೆಳಗೆ ಕೂತು ಅಪ್ಪ, ಅಮ್ಮನನ್ನು ನೆನೆದು, ರಾತ್ರಿ ರೈಲಿಗೆ ಮುಂಬೈಗೆ ಹೊರಟರು. ಹಾಗಾದರೆ ನ್ಯೂಯಾರ್ಕಿನ ಆ ವರ್ಷಗಳು ಸುಳ್ಳಾದವೇ? ಯೋಚಿಸಿ. ಆ ನಿರಾಳ ಒಮ್ಮೆಯೂ ಸಿಗದೇ ಇದ್ದಿದ್ದರೆ ಬರೋಡಾದ ಅವಮಾನ ಅವರಿಗೆ ಸಹಜವೆಂದೇ ತೋರುತ್ತಿತ್ತು, ನಮ್ಮ ಅಜ್ಜ, ಮುತ್ತಜ್ಜರಿಗೆ ತೋರಿದ ಹಾಗೆ. ಮನುಷ್ಯನಾಗಿ ಬದುಕಿ ನೋಡಿದವನಿಗೇ ಅದು ಸಹಿಸಲಾಗದ್ದು ಅನ್ನಿಸಿತು. ಹತ್ತು ವರ್ಷದೊಳಗೆ, 1927ರಲ್ಲಿ, ಮಹಾಡದ ಕೆರೆಗೆ ಇಳಿದದ್ದು ಅದೇ ಮನುಷ್ಯ. ಆ ತಾಯಿಯೂ ಊರಿಗೆ ಬಂದಾಗ ಯಾರಾದರೂ ಕೊರಳು ನೋಡಿದರೆ ಮೊದಲಿನ ಹಾಗೆ ತಲೆ ತಗ್ಗಿಸುವುದಿಲ್ಲ ಎಂದು ನಮ್ಮ ಊಹೆ.

ಇನ್ನು ವಿಡಿಯೊ ನೋಡಿ ಮಾತಾಡಿದ ನಮ್ಮ ವಿಷಯ. ನಾಲ್ಕು ಬ್ರಹ್ಮವಿಹಾರಗಳಲ್ಲಿ ಮೈತ್ರಿ, ಕರುಣೆ ನಮಗೆ ಬೇಗ ಬರುತ್ತವೆ. ಯಾರದಾದರೂ ಮನೆ ಬಿದ್ದರೆ ಇಡೀ ಓಣಿ ಓಡುತ್ತದೆ. ಮೂರನೆಯದು ಮುದಿತೆ, ಇನ್ನೊಬ್ಬರ ಸಂತೋಷಕ್ಕೆ ಸಂತೋಷಪಡುವುದು. ಅದು ನಮಗೆ ಕಷ್ಟ. ನೋವಿನಲ್ಲಿ ಒಂದಾಗುವುದನ್ನು ನಮಗೆ ಚರಿತ್ರೆ ಕಲಿಸಿತು. ನಲಿವಿನಲ್ಲಿ ಒಂದಾಗುವುದಕ್ಕೆ ಅವಕಾಶವೇ ಕಡಿಮೆ ಇತ್ತು, ಅಭ್ಯಾಸ ಆಗಲಿಲ್ಲ. ಗುಂಪಿನಲ್ಲಿ ಮಾತಾಡಿದ ಆ ಇಬ್ಬರು ಕೆಟ್ಟವರಲ್ಲ. ಒಬ್ಬರು ಆ ತಾಯಿಯ ಯಜಮಾನರ ಮಣ್ಣಿಗೆ ಮೊದಲು ಬಂದು ಕೊನೆಗೆ ಹೋದವರು.

ಒಂದು ಕಥೆ ಹೇಳಿ ಮುಗಿಸುತ್ತೇವೆ. ರಮಾಬಾಯಿ ತಾಯಿ ಹವಾ ಬದಲಿಗೆಂದು ಕೆಲವು ದಿನ ನಮ್ಮ ಧಾರವಾಡದಲ್ಲಿ, ವರಾಳೆಯವರು ನಡೆಸುತ್ತಿದ್ದ ಮಕ್ಕಳ ವಸತಿನಿಲಯದಲ್ಲಿ ಇದ್ದರು ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಮಕ್ಕಳನ್ನು ಕಳೆದುಕೊಂಡ ತಾಯಿ ಅವರು. ಅಂಗಳದಲ್ಲಿ ಹುಡುಗರು ಆಡುವ ಗದ್ದಲ ಕೇಳುತ್ತಾ ಅವರಿಗೆ ಹೊತ್ತು ಹೋಗುತ್ತಿತ್ತಂತೆ. ಒಂದು ದಿನ ಸದ್ದಿಲ್ಲ. ಮರುದಿನವೂ ಇಲ್ಲ. ಯಾಕೆ ಎಂದು ಕೇಳಿದರೆ, ರೇಷನ್ನಿನ ಹಣ ಬಂದಿಲ್ಲ, ಹುಡುಗರು ಹಸಿದಿದ್ದಾರೆ ಎಂದು ತಿಳಿಯಿತು. ಅವರು ಒಳಗೆ ಹೋಗಿ ತಮ್ಮ ಬಂಗಾರದ ಬಳೆ ತಂದು ಕೊಟ್ಟರು. ಆಟದ ಸದ್ದಿಗೆ ಕಿವಿ ಕೊಟ್ಟಿದ್ದರಿಂದಲೇ ಅವರಿಗೆ ಹಸಿವು ಕೇಳಿಸಿತು.

ಆ ತಾಯಿಗೆ ಬಳಗದ ಪರವಾಗಿ ಉತ್ತರ ಕಳಿಸಿದ್ದೇವೆ: ತಪ್ಪೇನೂ ಇಲ್ಲವ್ವ, ಇನ್ನೊಂದು ಸುತ್ತು ಹೋಗಿ ಬನ್ನಿ.

ವಿಮಾನ ಏರಲು ಆಗದ ನಮ್ಮೆಲ್ಲರಿಗೂ ಒಂದು ಸೂಚನೆ. ಬರುವ ಭಾನುವಾರ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಎದುರು ಬೆಳಿಗ್ಗೆ ಏಳಕ್ಕೆ ಸೇರಿ, ಅಲ್ಲಿಂದ ಸನ್ನತಿ, ಕನಗನಹಳ್ಳಿಗೆ ಹೋಗಿ ಬರುವುದು. ಸ್ತೂಪದ ಕಲ್ಲಿನಲ್ಲಿ ರಾಣಿಯ ಜೊತೆ ನಿಂತ ಅಶೋಕನನ್ನು ಇನ್ನೂ ನೋಡದವರು ನಮ್ಮಲ್ಲೇ ಬಹಳ ಮಂದಿ ಇದ್ದಾರೆ. ಪ್ರಬುದ್ಧ ಯೋಜನೆಯಲ್ಲಿ ವಿದೇಶದ ಓದಿಗೆ ಅರ್ಜಿ ಹಾಕಬೇಕೆಂದಿರುವ ಮಕ್ಕಳಿದ್ದರೆ ಅವರನ್ನೂ ಕರೆತನ್ನಿ, ದಾರಿಯಲ್ಲಿ ಮಾತಾಡೋಣ. ಈ ವರ್ಷ ಮನೆಯಲ್ಲಿ ಸಾವಾದವರು "ನಾವು ಹೆಂಗ ಬರೋದು" ಅನ್ನಬೇಡಿ, ಅವರೇ ಮೊದಲು ಬರಬೇಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಸುರಪುರದ ಅಕ್ಕಂದಿರು ತರುತ್ತಾರೆ, ನೀರು ನೀವು ತನ್ನಿ. ಮಕ್ಕಳು ಚೆಂಡು ತಂದರೆ ಬೇಡ ಅನ್ನಬೇಡಿ. ಶಿಲ್ಪಗಳ ಹತ್ತಿರ ಮಾತ್ರ ಆಡಿಸಬೇಡಿ, ನದಿಯ ಕಡೆ ಬಯಲು ಇದೆ. ಹೆಸರು ಶುಕ್ರವಾರದೊಳಗೆ ಗುಂಪಿನಲ್ಲಿ ಹಾಕಿ, ಗಾಡಿ ಹೇಳಬೇಕು.

ಜೈ ಭೀಮ್. ನಮೋ ಬುದ್ಧಾಯ.